ಅಡುಗೆಮನೆಯ ಚಿಕ್ಕಮ್ಮ

"ಇಲ್ಲಿ ಟೀಚರ್ ಯಾರ್ರೀ?"

ಬಾಗಿಲಲ್ಲಿ ನಿಂತವನ ಮೊಣಕೈವರೆಗೂ ಮೈದಾ ಹಿಟ್ಟು. ಎಡ ಕಂಕುಳಲ್ಲಿ ಮೂರು ವರ್ಷದ ಹುಡುಗನೊಬ್ಬ ಮೂಟೆಯಂತೆ ತೂಗಾಡುತ್ತಿದ್ದ. ಬಲಗೈಯಲ್ಲಿ... ಅಯ್ಯೋ! ಕತ್ತರಿಸಿದ ಜಡೆ! ತುದಿಯ ಕೆಂಪು ರಿಬ್ಬನ್ ಕೂಡ ಹಾಗೇ ಇತ್ತು.

ಬಟ್ಟೆ ಚೂರುಗಳ ನಡುವೆ ಕೂತಿದ್ದ ಮಕ್ಕಳೆಲ್ಲ ಕತ್ತು ಚಾಚಿದರು.

"ನಾನೇ. ಏನೀಗ?" ಎನ್ನುತ್ತಾ ಅವಳು ಎದ್ದು ನಿಂತಳು.

ಮನೆಯ ಮುಂದಿನ ಕೋಣೆಯಲ್ಲಿ ಮಕ್ಕಳಿಗೆ ಹೊಲಿಗೆ, ಕಸೂತಿ, ಗೊಂಬೆ ಮಾಡುವುದನ್ನು ಕಲಿಸುತ್ತಿದ್ದ ಅವಳನ್ನು ಬೀದಿಯವರೆಲ್ಲ ಕರೆಯುತ್ತಿದ್ದುದು ಟೀಚರ್ ಎಂದೇ. ಎತ್ತರ ಸ್ವಲ್ಪ ಕಡಿಮೆ, ಧೈರ್ಯ ಬೇಕಾದಷ್ಟು.

"ಏನೀಗ ಅಂತೀರಾ? ನಮ್ಮ ಹುಡುಗಿ ತನ್ನ ಜಡೇನ ತಾನೇ ಕತ್ತರಿಸ್ಕೊಂಡಿದ್ದಾಳೆ! ಕೇಳಿದ್ರೆ ಟೀಚರ್ ಹೇಳಿದ್ರು ಅಂತಾಳೆ!"

ಅವನ ಬೆನ್ನ ಹಿಂದಿನಿಂದ ಏಳು ವರ್ಷದ ಹುಡುಗಿ ಇಣುಕಿದಳು. ಒಂದು ಕಡೆ ಉದ್ದ ಜಡೆ, ಇನ್ನೊಂದು ಕಡೆ ಮೊಂಡು ಪೊರಕೆ. ತರಗತಿಗೆ ಸೇರಿ ಇನ್ನೂ ವಾರವಾಗಿರಲಿಲ್ಲ, ಬಾಯಿಗೆ ಬಿಡುವೇ ಕೊಡದ ಆ ಹುಡುಗಿಗೆ ಆಗಲೇ 'ಚಿನಕುರಳಿ' ಎಂಬ ಹೆಸರು ಬಿದ್ದಿತ್ತು.

"ನೀವೇ ಅಲ್ವಾ ಟೀಚರ್ ಹೇಳಿದ್ದು? ಅಂಗಡೀಲಿ ಕೊಳ್ಳಬಾರ್ದು, ನಮ್ಮ ಹತ್ರ ಇರೋದ್ರಿಂದಲೇ ಮಾಡ್ಬೇಕು ಅಂತ? ನಂಗೆ ಕೂದಲು ಬೇಕಿತ್ತು. ನನ್ನ ಹತ್ರ ಕೂದಲಿತ್ತು!"

"ಯಾರಿಗೆ ಕೂದಲು?"

"ಹೇಳಲ್ಲ. ಗುಟ್ಟು."

ಟೀಚರ್ ತುಟಿ ಕಚ್ಚಿ ನಗು ತಡೆದಳು. ಕಪಾಟಿನಿಂದ ಒಳ್ಳೆಯ ಕತ್ತರಿ ತೆಗೆದಳು.

"ಬಾ, ಕೂತ್ಕೋ. ಎರಡೂ ಕಡೆ ಸಮ ಮಾಡ್ತೀನಿ. ಮತ್ತೆ ನೀವು... ಅಷ್ಟ್ರಲ್ಲಿ ನಿಮ್ಮ ಕೋಪ ಇಳಿಸ್ಕೊಳ್ಳಿ. ಮಕ್ಕಳು ಹೆದರ್ತಿದ್ದಾರೆ."

ಯಾವ ಮಗುವೂ ಹೆದರಿರಲಿಲ್ಲ. ಎಲ್ಲರೂ ಕಣ್ಣರಳಿಸಿಕೊಂಡು ತಮಾಷೆ ನೋಡುತ್ತಿದ್ದರು. ಕಂಕುಳಲ್ಲಿದ್ದ ಹುಡುಗ ಮಾತ್ರ ಜೋರಾಗಿ "ಬೇಡ!" ಎಂದ.

"ಅವನಿಗೆ ಅದೊಂದೇ ಮಾತು ಬರೋದು," ಎಂದಳು ಚಿನಕುರಳಿ. "ನನ್ನ ತಮ್ಮ. ಗುಂಡ."

ಕತ್ತರಿ ಕಚಕಚ ಎಂದಿತು. ಹುಡುಗಿಯ ಕೂದಲು ಕಿವಿಯವರೆಗೆ ದುಂಡಗೆ ಕೂತಿತು.

"ನೋಡಿ, ನಿಮ್ಮ ಮಗಳಿಗೆ ಇದೇ ಒಪ್ಪುತ್ತೆ."

"ಮಗಳಲ್ಲ... ಅಂದ್ರೆ, ಮಗಳೇ. ಅಣ್ಣನ ಮಕ್ಕಳು. ಅಣ್ಣ ಅತ್ತಿಗೆ ಇಬ್ರೂ ಒಂದೇ ಅಪಘಾತದಲ್ಲಿ..." ಅವನು ಅಷ್ಟಕ್ಕೇ ನಿಲ್ಲಿಸಿದ. "ನಾನು ಚಿಕ್ಕಪ್ಪ. ಬೇಕರೀಲಿ ಕೆಲಸ. ಕೂಗಾಡಿದ್ದಕ್ಕೆ ತಪ್ಪು ತಿಳ್ಕೋಬೇಡಿ. ಆ ಜಡೆ ದಿನಾ ನಾನೇ ಹಾಕ್ತಿದ್ದೆ. ಕಲಿಯೋಕೆ ತುಂಬಾ ಕಷ್ಟ ಆಗಿತ್ತು."

ಕೈಯಲ್ಲಿದ್ದ ಜಡೆಯನ್ನು ಅವನು ನೋಡುತ್ತಿದ್ದ ರೀತಿಗೆ ಟೀಚರ್ ಎದೆಯಲ್ಲಿ ಏನೋ ಸಣ್ಣಗೆ ಕದಲಿತು.

'ಏಯ್, ಸುಮ್ನಿರು!' ಎಂದು ತನ್ನ ಎದೆಯನ್ನೇ ಗದರಿಸಿದಳು. ಎದೆ ಅವಳ ವಿದ್ಯಾರ್ಥಿಯಲ್ಲವಲ್ಲ, ಕೇಳಲಿಲ್ಲ.

ಅವತ್ತಿನಿಂದ ಪ್ರತಿ ಸಂಜೆ ಅವನೇ ಬಂದ. ಬೇಕರಿಯ ಬಿಸಿ ಬನ್ನು ತಂದ. ಪಾಠ ಮುಗಿಯುವವರೆಗೆ ಗುಂಡನನ್ನು ತೊಡೆಯ ಮೇಲೆ ಹಾಕಿಕೊಂಡು, ಮಕ್ಕಳ ಪುಟ್ಟ ಮಣೆಯ ಮೇಲೆ ಮಂಡಿ ಗಲ್ಲಕ್ಕೆ ತಾಗುವಂತೆ ಕೂತ. ಒಂದು ದಿನ ಮೆಲ್ಲಗೆ ಕೇಳಿದ.

"ಟೀಚರ್, ಕೂದಲು... ಅಲ್ಲ, ದಪ್ಪ ದಾರ ಅಂದ್ಕೊಳ್ಳಿ. ಅದು ಬಟ್ಟೆ ಮೇಲೆ ಗಟ್ಟಿಯಾಗಿ ಕೂರಬೇಕಾದ್ರೆ ಯಾವ ಹೊಲಿಗೆ?"

"ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ. ಹಿಂದೆ ಬರೋಕೆ ನಾಚ್ಕೋಬಾರ್ದು, ಅದ್ರಿಂದಲೇ ಹೊಲಿಗೆ ಗಟ್ಟಿಯಾಗೋದು. ಹಿಡೀರಿ ಸೂಜಿ."

ಹಿಟ್ಟು ನಾದುವ ಆ ದೊಡ್ಡ ಬೆರಳುಗಳಲ್ಲಿ ಸೂಜಿ ಕಳೆದೇಹೋಯಿತು. ಅವಳು ಅವನ ಕೈ ಹಿಡಿದು ತೋರಿಸಿದಳು. ಕೈಯಲ್ಲಿ ಹಳೆಯ ಸುಟ್ಟ ಕಲೆಗಳು, ಬೆಣ್ಣೆಯ ವಾಸನೆ. ಅವನು ತಪ್ಪು ಹೊಲಿದ, ಅವಳು ಬಿಚ್ಚಿದಳು. ಮತ್ತೆ ತಪ್ಪು ಹೊಲಿದ, ಮತ್ತೆ ಬಿಚ್ಚಿದಳು.

"ಇಷ್ಟು ದಡ್ಡ ವಿದ್ಯಾರ್ಥೀನ ನಾನು ನೋಡೇ ಇಲ್ಲ!"

"ಟೀಚರ್ ಒಳ್ಳೆಯವರಿದ್ರೆ ದಡ್ಡರಿಗೂ ಶಾಲೆ ಬಿಡೋಕೆ ಮನಸ್ಸಾಗಲ್ಲ."

ಕೇಳಿದ್ದೇ ಅವಳ ಕಿವಿ ಬಿಸಿಯಾಯಿತು. ಸುತ್ತಿ ಬಳಸುವ ಅಭ್ಯಾಸ ಅವಳಿಗಿಲ್ಲ. ಆ ಸಂಜೆ ದಾರದುಂಡೆಗಳನ್ನು ಡಬ್ಬಕ್ಕೆ ತುಂಬುತ್ತಾ ತನಗೆ ತಾನೇ ಒಪ್ಪಿಕೊಂಡುಬಿಟ್ಟಳು. 'ಹೌದು, ಇವನು ನಂಗೆ ಇಷ್ಟ. ಮಕ್ಕಳ ಸಮೇತ ಇಷ್ಟ. ಅವನು ಬಾಯಿ ಬಿಡದಿದ್ರೆ ನಾನೇ ಹೇಳ್ತೀನಿ!'

ಹೇಳಿಯೂ ಬಿಡುತ್ತಿದ್ದಳೇನೋ. ಅಷ್ಟರಲ್ಲಿ ಕರವಸ್ತ್ರದ ಪಾಠ ಬಂತು.

ಪ್ರತಿ ಮಗುವೂ ಮನೆಯಲ್ಲಿ ಒಬ್ಬರಿಗೆ ಕರವಸ್ತ್ರ ಹೊಲಿಯಬೇಕಿತ್ತು. ಚಿನಕುರಳಿ ನಾಲಗೆ ಹೊರಗೆ ಚಾಚಿಕೊಂಡು, ಕರವಸ್ತ್ರದ ಮೂಲೆಯಲ್ಲಿ ಹಳದಿ ಹೂವಿನ ಕಸೂತಿ ಹಾಕುತ್ತಿದ್ದಳು.

"ಚಿಕ್ಕಪ್ಪನಿಗಾ?"

"ಅಲ್ಲ, ಚಿಕ್ಕಮ್ಮನಿಗೆ."

ದಾರ ಸುತ್ತುತ್ತಿದ್ದ ಟೀಚರ್ ಕೈ ನಿಂತುಹೋಯಿತು. "ಯಾವ ಚಿಕ್ಕಮ್ಮ?"

"ನಮ್ಮ ಚಿಕ್ಕಮ್ಮ! ಚಿಕ್ಕಪ್ಪನ ಚಿಕ್ಕಮ್ಮ... ಅಂದ್ರೆ, ಚಿಕ್ಕಪ್ಪನ ಜೊತೆ ಇರ್ತಾಳಲ್ಲ, ಆ ಚಿಕ್ಕಮ್ಮ."

"ಅವರು... ಮನೇಲಿದ್ದಾರಾ?"

"ಹೂಂ. ಅಡುಗೆಮನೇಲೇ ಇರ್ತಾಳೆ. ಮೊದ್ಲು ಚಿಕ್ಕಪ್ಪನ ಜೊತೆ ಬೇಕರೀಲಿ ಕೆಲಸ ಮಾಡ್ತಿದ್ಲು. ಒಂದಿನ ಓವನ್ ಬೆಂಕಿ ತಾಗಿ ಒಂದ್ಕಡೆ ಪೂರ್ತಿ ಸುಟ್ಟುಹೋಯ್ತು. ಅದಕ್ಕೇ ಚಿಕ್ಕಪ್ಪ ಮನೆಗೆ ಕರ್ಕೊಂಡು ಬಂದ. ತಲೇಲಿ ಕೂದಲೇ ಇರ್ಲಿಲ್ಲ ಟೀಚರ್! ನನ್ನ ಜಡೆ ಕೊಟ್ಟಿದ್ದು ಅವಳಿಗೇ. ಈಗ ಎಷ್ಟು ಚೆನ್ನಾಗಿ ಕಾಣ್ತಾಳೆ ಗೊತ್ತಾ?" ಹುಡುಗಿ ಥಟ್ಟನೆ ಬಾಯಿ ಮುಚ್ಚಿಕೊಂಡಳು. "ಅಯ್ಯೋ! ಹೊರಗೆ ಯಾರಿಗೂ ಹೇಳ್ಬಾರ್ದು ಅಂದಿದ್ದ ಚಿಕ್ಕಪ್ಪ!"

ಟೀಚರ್ ದಾರದುಂಡೆಯನ್ನು ಡಬ್ಬಕ್ಕೆ ಎಸೆದಳು.

ಹೆಂಡತಿ! ಬೆಂಕಿಯಲ್ಲಿ ಸುಟ್ಟ ಹೆಂಡತಿ! ಅವಳನ್ನು ಅಡುಗೆಮನೆಯಲ್ಲಿ ಬಚ್ಚಿಟ್ಟು ಇಲ್ಲಿ ಬಂದು ಹಲ್ಲು ಕಿರಿಯುತ್ತಿದ್ದಾನೆ! ಸೂಜಿ ಹಿಡಿಯುವ ನೆಪದಲ್ಲಿ ನನ್ನ ಕೈ... ಛೇ! ಕೈ ಹಿಡಿದದ್ದು ತಾನೇ ಎಂಬುದು ನೆನಪಾಗಿ ಸಿಟ್ಟು ಇನ್ನಷ್ಟು ಏರಿತು.

ಸಂಜೆ ಅವನು ಬನ್ನಿನ ಪೊಟ್ಟಣದೊಂದಿಗೆ ಬಂದಾಗ ಟೀಚರ್ ಹೊಸಿಲಲ್ಲೇ ಅಡ್ಡ ನಿಂತಿದ್ದಳು.

"ಚಿಕ್ಕಮ್ಮನ ವಿಷಯ ಚಿನಕುರಳಿ ಎಲ್ಲಾ ಹೇಳಿದ್ಲು."

ಅವನ ಮುಖ ಕೆಂಪಗಾಯಿತು. "ಹೇಳ್ಬಿಟ್ಟಳಾ! ದಯವಿಟ್ಟು ಯಾರ ಹತ್ರನೂ ಬಾಯಿ ಬಿಡ್ಬೇಡಿ ಟೀಚರ್. ಬೇಕರಿಯವರಿಗೆ ಗೊತ್ತಾದ್ರೆ ನನ್ನ ಮಾನ ಹೋಗುತ್ತೆ."

"ಮಾನನಾ? ನಿಮ್ಮ ಮಾನದ ಚಿಂತೆನಾ? ಇಷ್ಟು ದಿನ ಮುಚ್ಚಿಟ್ರಲ್ಲ, ನಾಚಿಕೆ ಆಗಲ್ವಾ?"

"ಆಗುತ್ತೆ ರೀ. ಅದಕ್ಕೇ ಮುಚ್ಚಿಟ್ಟಿದ್ದು."

ಎಂಥಾ ಮನುಷ್ಯ!

"ನಾಳೆಯಿಂದ ಮಕ್ಕಳು ಬರ್ಲಿ. ನೀವು ಈ ಹೊಸಿಲು ದಾಟ್ಬೇಡಿ."

ಅವನು ಒಂದು ಹೆಜ್ಜೆ ಹಿಂದೆ ಸರಿದ. "ನೀವಾದ್ರೂ ಅರ್ಥ ಮಾಡ್ಕೋತೀರಿ ಅಂದ್ಕೊಂಡಿದ್ದೆ," ಎಂದು, ಪೊಟ್ಟಣವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹೊರಟೇಹೋದ.

ಅರ್ಥ ಮಾಡಿಕೊಳ್ಳಬೇಕಂತೆ! ಅವಳು ಆ ಬನ್ನು ಮುಟ್ಟಲಿಲ್ಲ. ಮರುದಿನದಿಂದ ಅವನು ರಸ್ತೆಯ ಆಚೆ, ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತು ಕಾದ. ಅವಳು ಕಿಟಕಿಯ ಕಡೆ ನೋಡಬಾರದೆಂದು ಹಟ ತೊಟ್ಟಳು, ಆದರೂ ನೋಡಿದಳು. ತನ್ನ ಹೊಲಿಗೆಯನ್ನೇ ಬಿಚ್ಚಿ ಬಿಚ್ಚಿ ಮತ್ತೆ ಹೊಲಿದಳು. ಪುಟ್ಟ ಮಣೆ ಖಾಲಿ ಬಿದ್ದಿದ್ದನ್ನು ಕಂಡಾಗಲೆಲ್ಲ ಮುಖ ತಿರುಗಿಸಿಕೊಂಡಳು. ಅವನಿಗಾಗಿ ಅಳಬಾರದು ಎಂದುಕೊಂಡೇ ಅತ್ತಳು.

ಹೀಗಿರುವಾಗ ಒಂದು ಸಂಜೆ, ಪಾಠ ಶುರುವಾಗುವ ಮೊದಲೇ, ಚಿನಕುರಳಿ ಏದುಸಿರು ಬಿಡುತ್ತಾ ಒಳಗೆ ನುಗ್ಗಿದಳು. ಮುಖವೆಲ್ಲ ಕಣ್ಣೀರು.

"ಟೀಚರ್! ಚಿಕ್ಕಮ್ಮನ ಕತ್ತು ಕಿತ್ತುಹೋಯ್ತು! ಗುಂಡ ಎಳೆದುಬಿಟ್ಟ!"

"ಏನೂ?!" ಕತ್ತರಿ ಠಣ್ಣೆಂದು ನೆಲಕ್ಕೆ ಬಿತ್ತು. "ಎಲ್ಲಿ? ಯಾರಾದ್ರೂ ಡಾಕ್ಟರ್..."

"ಇಲ್ಲೇ ಬ್ಯಾಗಲ್ಲಿದ್ದಾಳೆ! ನೀವೇ ಹೊಲಿದುಕೊಡಿ!"

ಬ್ಯಾಗಿನಿಂದ ಹೊರಬಂದದ್ದು ಬೇಕರಿಯವರು ಬಿಸಿ ತಟ್ಟೆ ಹಿಡಿಯಲು ಹಾಕುವ ದಪ್ಪ ಬಟ್ಟೆಯ ಕೈಗವಸು. ಒಂದು ಬದಿ ಸುಟ್ಟು ಕಪ್ಪಾಗಿತ್ತು. ಕಣ್ಣಿಗೆ ಎರಡು ಗುಂಡಿ, ಬಾಯಿಗೆ ಕೆಂಪು ದಾರ, ಕೊರಳಿಗೆ ಹಳದಿ ಹೂವಿನ ಕರವಸ್ತ್ರ. ಕೊರಳ ಹತ್ತಿರ ಬಟ್ಟೆ ಹರಿದು ಒಳಪದರದ ಹತ್ತಿ ಹೊರಬಂದಿತ್ತು. ತಲೆಯ ಮೇಲೆ ಆ ಜಡೆ, ಕೆಂಪು ರಿಬ್ಬನ್ ಸಮೇತ.

ಟೀಚರ್ ಅದನ್ನು ಕೈಗೆತ್ತಿಕೊಂಡು ನೋಡಿದಳು. ಜಡೆಯ ಬುಡದ ಹೊಲಿಗೆ ಸೊಟ್ಟಗಿತ್ತು, ಆದರೆ ಗಟ್ಟಿಯಾಗಿತ್ತು. ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ.

"ಇವಳಾ... ಚಿಕ್ಕಮ್ಮ?"

"ಹೂಂ. ಎಲ್ರಿಗೂ ಚಿಕ್ಕಪ್ಪ ಇದ್ರೆ ಚಿಕ್ಕಮ್ಮನೂ ಇರ್ತಾಳೆ, ನಮಗ್ಯಾಕಿಲ್ಲ ಅಂತ ನಾನು ಅತ್ತಿದ್ದೆ. ಆಗ ಚಿಕ್ಕಪ್ಪ ಇವಳನ್ನ ಮಾಡಿಕೊಟ್ಟ. ದಿನಾ ಊಟದ ಹೊತ್ತಿಗೆ ಡ್ರಾಯರ್‌ನಿಂದ ಹೊರಗೆ ಬಂದು ಇವತ್ತು ಏನೇನು ಮಾಡಿದ್ರಿ ಅಂತ ಕೇಳ್ತಾಳೆ. ಅವಳು ಕೇಳಿದ್ರೇನೇ ಗುಂಡ ಬಾಯಿ ತೆಗೆಯೋದು." ಹುಡುಗಿ ಮೂಗು ಒರೆಸಿಕೊಂಡಳು. "ಮೊದ್ಲೆಲ್ಲ ನಿಮ್ಮ ಬಗ್ಗೇನೇ ಜಾಸ್ತಿ ಕೇಳ್ತಿದ್ಲು. ಟೀಚರ್ ನಕ್ಕರಾ, ಬನ್ನು ತಿಂದ್ರಾ, ನಾಳೆ ಯಾವ ಬನ್ನು ತರ್ಲಿ ಅಂತ. ಈಗ ನಿಮ್ಮ ಹೆಸರೇ ಎತ್ತಲ್ಲ."

ಟೀಚರ್ ನಕ್ಕಳು. ನಗುನಗುತ್ತಲೇ ಕಣ್ಣು ತುಂಬಿ ಬಂತು. ಎಂಥಾ ಹುಚ್ಚಿ ನಾನು! ಬಟ್ಟೆಯ ಸವತಿಗೆ ಹೊಟ್ಟೆಕಿಚ್ಚುಪಟ್ಟವಳು!

ಬೇಗ ಬೇಗ ಹತ್ತಿ ಒಳಗೆ ತುರುಕಿದಳು, ಕತ್ತು ಹೊಲಿದಳು. ಸೊಟ್ಟ ಹೊಲಿಗೆಯನ್ನು ಮಾತ್ರ ಮುಟ್ಟಲಿಲ್ಲ. ಕೈಗವಸನ್ನು ತನ್ನ ಕೈಗೇ ಹಾಕಿಕೊಂಡು, ಚಪ್ಪಲಿಯನ್ನೂ ಮರೆತು ರಸ್ತೆ ದಾಟಿದಳು.

ಗುಂಡನನ್ನು ಪಕ್ಕದಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದವನು ಬೆಚ್ಚಿ ತಲೆ ಎತ್ತಿದ. ಮೂಗಿನ ನೇರಕ್ಕೇ ಚಿಕ್ಕಮ್ಮ ನಿಂತಿದ್ದಳು.

"ಏನ್ರೀ!" ಟೀಚರ್ ದನಿಯನ್ನು ಗೊಗ್ಗರು ಮಾಡಿದಳು. "ಕಟ್ಟಿಕೊಂಡವಳನ್ನ ಡ್ರಾಯರ್‌ನಲ್ಲಿಟ್ಟು, ದಿನಾ ಟೀಚರ್ ಮನೆ ಮುಂದೆ ಬಂದು ಕೂರ್ತೀರಲ್ಲ, ನಾಚಿಕೆ ಆಗಲ್ವಾ?"

ಅವನು ಕಣ್ಣು ಪಿಳಿಪಿಳಿ ಬಿಟ್ಟ. "ಅಂದ್ರೆ... ನೀವು ಇವಳನ್ನ... ನಿಜವಾದ ಹೆಂಡ್ತಿ ಅಂದ್ಕೊಂಡ್ರಾ?"

"ಬೆಂಕೀಲಿ ಸುಟ್ಟ ಹೆಂಡ್ತಿ! ಅಡುಗೆಮನೇಲಿ ಬಚ್ಚಿಟ್ಟ ಹೆಂಡ್ತಿ! ಇನ್ನೇನು ಅಂದ್ಕೋಬೇಕಿತ್ತು ನಾನು?"

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಗುಂಡನೂ ಏನೂ ತಿಳಿಯದೆ ನಕ್ಕ.

"ನಾನು ಬೇರೇನೇ ತಿಳ್ಕೊಂಡಿದ್ದೆ ಟೀಚರ್... ಗೊಂಬೆ ಆಡೋ ಗಂಡಸು ಅಂತ ನನ್ನ ಕಂಡ್ರೆ ನಿಮಗೆ ಅಸಹ್ಯ ಆಯ್ತೇನೋ ಅಂತ."

"ಗೊಂಬೆ ಆಡೋ ಗಂಡಸು ಅಂತಾನೇ..." ಅವಳು ಮಾತು ನುಂಗಿದಳು.

"ಅಂತಾನೇ?"

"ಮೊದ್ಲು ನೀವು ಹೇಳಿ. ಈ ಚಿಕ್ಕಮ್ಮ ದಿನಾ ನನ್ನನ್ನೇ ವಿಚಾರಿಸ್ತಿದ್ಲಂತೆ. ಯಾಕೆ?"

ಅವನು ಕೈಗವಸಿಗೆ ಕೈ ಚಾಚಿದ. ಅವಳು ಅದನ್ನು ಬೆನ್ನ ಹಿಂದೆ ಅಡಗಿಸಿದಳು.

"ಊಹೂಂ. ಅವಳ ದನೀಲಿ ಬೇಡ. ನಿಮ್ಮ ದನೀಲಿ."

ಅವನು ಎದ್ದು ನಿಂತ. ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಅಂಗಿಗೆ ಒರೆಸಿಕೊಂಡ.

"ನಂಗೆ ಹೊಲಿಗೆ ಯಾವತ್ತೋ ಬಂದಿತ್ತು ಟೀಚರ್. ನೀವು ಬಿಚ್ಚಿ ಮತ್ತೆ ತೋರಿಸ್ಲಿ ಅಂತಾನೇ ತಪ್ಪು ತಪ್ಪು ಹೊಲೀತಿದ್ದೆ." ಅವನು ಒಂದು ಹೆಜ್ಜೆ ಮುಂದೆ ಬಂದ. "ನೀವು ನಮ್ಮನೇಲಿ ಇರಬೇಕು ಅನ್ಸುತ್ತೆ. ಮಕ್ಕಳಿಗೋಸ್ಕರ ಅಂತ ಸುಳ್ಳು ಹೇಳಲ್ಲ. ನನಗೋಸ್ಕರ. ನೀವಂದ್ರೆ ನಂಗಿಷ್ಟ."

ಅವಳು ಕೈಗವಸನ್ನು ಬೆನ್ನ ಹಿಂದಿನಿಂದ ಮುಂದೆ ತಂದಳು.

"ಗೊಂಬೆ ಆಡೋ ಗಂಡಸು ಅಂತಾನೇ ನಾನು ಒಪ್ಪಿದ್ದೀನಿ," ಎಂದಳು. "ಹೊಸಿಲು ದಾಟ್ಬೇಡಿ ಅಂದಿದ್ದು ನನ್ನ ತಪ್ಪು. ಅರ್ಧ ಹೆಜ್ಜೆ ಹಿಂದೆ ಬಂದಿದ್ದೀನಿ ಅಂದ್ಕೊಳ್ಳಿ."

"ಹಾಗಾದ್ರೆ ಗಟ್ಟಿಯಾಗುತ್ತೆ," ಎಂದ ಅವನು.

ಟೀಚರ್ ಹಿಂದೆಯೇ ಓಡಿಬಂದು ಅಷ್ಟೊತ್ತೂ ಇಬ್ಬರ ಮುಖವನ್ನೂ ಬದಲಿಸಿ ಬದಲಿಸಿ ನೋಡುತ್ತಿದ್ದ ಚಿನಕುರಳಿಗೆ ಈಗ ದೊಡ್ಡ ಚಿಂತೆಯೊಂದು ಹತ್ತಿತು.

"ಟೀಚರ್ ನಮ್ಮನೆಗೆ ಬಂದ್ರೆ ಏನಂತ ಕರೀಲಿ? ಚಿಕ್ಕಮ್ಮ ಆಗ್ಲೇ ಇದ್ದಾಳಲ್ಲ!"

ಟೀಚರ್ ಕೈಗವಸಿನ ಜಡೆಯನ್ನು ನೇವರಿಸಿದಳು. "ಅವಳು ನನಗಿಂತ ಮೊದ್ಲು ಬಂದವಳು, ನನಗಿಂತ ದೊಡ್ಡವಳು. ಇವತ್ತಿಂದ ಅವಳು ದೊಡ್ಡಮ್ಮ."

ಚಿನಕುರಳಿ ಕುಣಿದಾಡಿಬಿಟ್ಟಳು. "ಚಿಕ್ಕಮ್ಮ! ಚಿಕ್ಕಮ್ಮ!" ಎಂದು ಹೊಸ ಚಿಕ್ಕಮ್ಮನ ಸೊಂಟ ಅಪ್ಪಿದಳು. ಗುಂಡ ಮಾತ್ರ ಸದ್ದಿಲ್ಲದೆ ಬಂದು ಟೀಚರ್ ಕಿರುಬೆರಳು ಹಿಡಿದುಕೊಂಡಿದ್ದ.

"ಬಿಡೋ ಗುಂಡ," ಚಿಕ್ಕಪ್ಪ ಬಗ್ಗಿ ಹೇಳಿದ. "ಟೀಚರ್ ಒಳಗೆ ಹೋಗ್ಲಿ, ಮಕ್ಕಳು ಬರೋ ಹೊತ್ತಾಯ್ತು."

"ಬೇಡ!" ಎಂದ ಗುಂಡ, ಬೆರಳನ್ನು ಇನ್ನೂ ಬಿಗಿಯಾಗಿ ಹಿಡಿದು.

ಟೀಚರ್ ಚಿಕ್ಕಪ್ಪನ ಕಡೆ ನೋಡಿದಳು. "ನೀವೇನಂತೀರಿ?"

"ನಂದೂ ಅದೇ ಮಾತು," ಎಂದ ಅವನು, ಅವಳ ಇನ್ನೊಂದು ಕೈ ಹಿಡಿದುಕೊಳ್ಳುತ್ತಾ.