ಮೊದಲು ಯಾವುದು, ಮೇಡಂ?

"ಬಗ್ ನಿಮ್ಮ ಕೋಡಲ್ಲೇ ಐತೆ," ಎಂದು ಸುಪ್ರಿಯಾ ಖಡಾಖಂಡಿತವಾಗಿ ಹೇಳಿದಳು.

"ಇಲ್ಲ ಮೇಡಂ," ಎಂದ ಜುಂಜೇಶ್, ಟೀ ಲೋಟದಿಂದ ಕಣ್ಣೆತ್ತದೆ.

"ಮತ್ತೆ ಎಲ್ಲರೂ ಆ್ಯಪಿನ ಮೂರನೇ ಸ್ಕ್ರೀನಿಗೇ ಯಾಕೆ ನಿಂತ್ಬಿಡ್ತಾರೆ?"

ಅವನು ಕಣ್ಣೆತ್ತಿ ನಕ್ಕ. ಅವನ ನಗುವಿನ ತೊಂದರೆಯೇ ಅದು. ಎಡಗೆನ್ನೆಯಲ್ಲಿ ಶುರುವಾಗಿ, ಬಲಗಡೆಗೆ ಬರಲೋ ಬೇಡವೋ ಎಂದು ಯೋಚಿಸುತ್ತ ಅಲ್ಲೇ ನಿಲ್ಲುತ್ತಿತ್ತು. ಅದು ಬಲಗಡೆಗೆ ಬರಲಿ ಎಂದು ಕಾಯುತ್ತ ಸುಪ್ರಿಯಾ ತಾನೇನು ಕೇಳಿದ್ದೆ ಎಂಬುದನ್ನೇ ಮರೆಯುತ್ತಿದ್ದಳು. ಇವತ್ತು ಮರೆಯಬಾರದೆಂದು ಕೈಲಿದ್ದ ಪೆನ್ನನ್ನು ಬಿಗಿಯಾಗಿ ಹಿಡಿದುಕೊಂಡಳು.

ಚಿತ್ರದುರ್ಗದ ಹೊಳಲ್ಕೆರೆ ರಸ್ತೆಯಲ್ಲಿ, ಬೀಜ ಗೊಬ್ಬರದ ಅಂಗಡಿಯ ಮೇಲಿನ ಮಹಡಿಯೇ ಅವರ ಆಫೀಸು. ಅಲ್ಲಿ ತಯಾರಾಗುತ್ತಿದ್ದ ಆ್ಯಪಿನ ಹೆಸರು 'ಮಂದೆ'. ಹೊಲಕ್ಕೆ ಕುರಿಗೊಬ್ಬರ ಬೇಕೆನ್ನುವ ರೈತನನ್ನೂ, ರಾತ್ರಿ ಕುರಿ ನಿಲ್ಲಿಸಲು ಹೊಲ ಹುಡುಕುವ ಕುರಿಯವನನ್ನೂ ಜೊತೆ ಮಾಡಿಸುವುದು ಅದರ ಕೆಲಸ. ರೈತರು ನಾ ಮುಂದೆ ತಾ ಮುಂದೆ ಎಂದು ಸೇರಿದ್ದರು. ಕುರಿಯವರು ಮಾತ್ರ ಹೆಸರು ಹಾಕಿ, ಊರು ಹಾಕಿ, ಮೂರನೇ ಸ್ಕ್ರೀನಿಗೆ ಬಂದವರೇ ಫೋನನ್ನು ಜೇಬಿಗಿಳಿಸಿ ಹೋಗಿಬಿಡುತ್ತಿದ್ದರು. ಹೀಗಾಗಿ 'ಮಂದೆ'ಯಲ್ಲಿ ಒಂದೇ ಒಂದು ಮಂದೆ ಇರಲಿಲ್ಲ.

ಸುಪ್ರಿಯಾ ಮೊನ್ನೆ ಮೊನ್ನೆಯವರೆಗೆ ಅದೇ ಆಫೀಸಿನಲ್ಲಿ ಗ್ರಾಹಕರ ಫೋನು ಎತ್ತುತ್ತಿದ್ದವಳು. "ಆಯ್ತು ಸರ್, ಮಾಡ್ಸಣ ಸರ್" ಎಂದು ಬೈಯುವವರನ್ನೂ ತಣ್ಣಗೆ ಮಾಡುವ ಅವಳ ಬಾಯಿಗೆ ಮೆಚ್ಚಿ, ಮಾಲೀಕರಾದ ಲಕ್ಷ್ಮೀಕಾಂತ್ ಅವಳನ್ನು ಪ್ರಾಡಕ್ಟ್ ಓನರ್ ಮಾಡಿದ್ದರು. ಏನು ಮಾಡಬೇಕು, ಯಾವುದು ಮೊದಲು, ಯಾವುದು ಬೇಡವೇ ಬೇಡ ಎಂದು ತೀರ್ಮಾನ ಮಾಡುವ ಕೆಲಸ. ಹೊಳಲ್ಕೆರೆಯಿಂದ ಬರುವ ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅವಳು ಅದಕ್ಕಾಗಿ ಒಂದು ಕೋರ್ಸನ್ನೂ ಮುಗಿಸಿದಳು. ಕೋರ್ಸಿನಲ್ಲಿ ಅವಳಿಗೆ ಚೆನ್ನಾಗಿ ಹತ್ತಿದ ಪಾಠ ಒಂದೇ. ಕೆಲಸ ಮುಗೀತು ಎಂದು ಬಾಯಲ್ಲಿ ಹೇಳಿದರೆ ಮುಗಿದ ಹಾಗಲ್ಲ, ನಡೆಯುವುದನ್ನು ತೋರಿಸಿದರೆ ಮಾತ್ರ ಮುಗಿದ ಹಾಗೆ. "ತೋರ್ಸ್ರಿ, ಆಮೇಲೆ ಒಪ್ತೀನಿ" ಎಂದು ಡೆವಲಪರ್ ಜುಂಜೇಶನ ಪ್ರಾಣ ಹಿಂಡುತ್ತಿದ್ದಳು.

ಆದರೆ ಬೇಡ ಎನ್ನುವ ಪಾಠ ಮಾತ್ರ ಬಾಯಿಗೆ ಬರಲೇ ಇಲ್ಲ. ಲಕ್ಷ್ಮೀಕಾಂತ್ ಹವಾಮಾನ ಬೇಕೆಂದರೆ ಆಯ್ತು ಸರ್. ರಾಶಿಫಲ ಬೇಕೆಂದರೂ ಆಯ್ತು ಸರ್. ಕೆಲಸ ಹಂಚಿಕೊಳ್ಳುವ ಪ್ರತಿ ಮೀಟಿಂಗಿನಲ್ಲೂ ಜುಂಜೇಶ್ ಗಲ್ಲಕ್ಕೆ ಕೈಕೊಟ್ಟು ಕೂತು, "ಎಲ್ಲಾ ಮಾಡಾಣ. ಮೊದಲು ಯಾವುದು, ಮೇಡಂ?" ಎಂದು ಕೇಳುತ್ತಿದ್ದ. "ಎಲ್ಲವೂ ಮೊದಲೇ" ಎನ್ನುತ್ತಿದ್ದಳು ಅವಳು. ಅವನ ಎಡಗೆನ್ನೆ ನಗುತ್ತಿತ್ತು. ತನ್ನನ್ನು ಗೇಲಿ ಮಾಡುತ್ತಾನೆಂದು ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಈಗ ವಿಷಯ ಕುತ್ತಿಗೆಗೇ ಬಂದಿತ್ತು. ಸೋಮವಾರದ ಡೆಮೋ ಹೊತ್ತಿಗೆ ಕುರಿಯವರು ಸೇರದಿದ್ದರೆ 'ಮಂದೆ' ಮುಚ್ಚುತ್ತೇನೆ, ಜುಂಜೇಶನನ್ನು ಹುಬ್ಬಳ್ಳಿ ಆಫೀಸಿಗೆ ಕಳಿಸುತ್ತೇನೆ ಎಂದಿದ್ದರು ಲಕ್ಷ್ಮೀಕಾಂತ್. ಅದಕ್ಕೂ ಅವಳು "ಆಯ್ತು ಸರ್" ಎಂದಿದ್ದಳು. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ತನ್ನ ಬಾಯಿಗೆ ತಾನೇ ಶಾಪ ಹಾಕಿದ್ದಳು. ಹುಬ್ಬಳ್ಳಿ ಎಂಬ ಊರಿನ ಮೇಲೇ ಅವಳಿಗೆ ಕೋಪ ಬಂದಿತ್ತು. ಯಾಕೆ ಅಷ್ಟು ಕೋಪ ಎಂದು ಕೇಳಿಕೊಳ್ಳಲು ಮಾತ್ರ ಧೈರ್ಯ ಸಾಲಲಿಲ್ಲ.

"ಬಗ್ ಕೋಡಲ್ಲಿಲ್ಲ ಮೇಡಂ, ಜವನಗೊಂಡನಹಳ್ಳಿ ಹತ್ರ ಐತೆ," ಎಂದ ಜುಂಜೇಶ್. "ನಮ್ಮ ದೊಡ್ಡಪ್ಪನ ಕುರಿ ಈಗ ಅಲ್ಲೇ ಬಿಟ್ಟವ್ರೆ. ನಾಳೆ ಶನಿವಾರ. ಬರ್ರಿ, ಹೋಗಾಣ."

"ಏನು ಅಂತ ಇಲ್ಲೇ ಹೇಳ್ರಿ."

"ನಾನು ಹೇಳಿದ್ರೆ ನೀವು ತಲೆ ಆಡಿಸ್ತೀರಿ, ಅಷ್ಟೇ. ನಾಳೆ ಸರ್ ಇನ್ನೊಂದು ಹೇಳಿದ್ರೆ ಅದಕ್ಕೂ ತಲೆ ಆಡಿಸ್ತೀರಿ. ಕೇಳ್ಬೇಕಾದೋರನ್ನ ನೀವೇ ಕೇಳ್ರಿ."

ಮಾತು ಚುರುಕ್ಕೆಂದಿತು. ಆದರೂ "ಆಯ್ತು" ಎಂದಳು.

ಬೈಕು ಚಿತ್ರದುರ್ಗ ಬಿಡುವಾಗ ಇಬ್ಬರ ನಡುವೆ ಲ್ಯಾಪ್‌ಟಾಪ್ ಬ್ಯಾಗು ಪಾಳೆಗಾರನ ಹಾಗೆ ಕೂತಿತ್ತು. ಪಕ್ಕದಲ್ಲೇ ನುಗ್ಗಿಹೋಗುವ ಲಾರಿಗಳ ಗಾಳಿಗೆ ಅವಳ ದುಪಟ್ಟಾ ಎರಡು ಸಲ ಅವನ ಮುಖಕ್ಕೆ ಬಡಿಯಿತು. "ಮೇಡಂ, ರಸ್ತೆ ಕಾಣಲ್ಲ," ಎಂದ. "ನೋಡ್ಕೊಂಡು ಓಡಿಸ್ರಿ," ಎಂದಳು. ಕನ್ನಡಿಯಲ್ಲಿ ಅವನ ಕಣ್ಣು ಒಂದು ಗಳಿಗೆ ಅವಳ ಕಣ್ಣಿಗೆ ಸಿಕ್ಕಿ, ಮತ್ತೆ ರಸ್ತೆಗೆ ಹೋಯಿತು. ಹಿರಿಯೂರು ದಾಟುವಾಗ ಬ್ಯಾಗು ಅವಳ ಬೆನ್ನಿಗೆ ಹೋಗಿತ್ತು. ಅದನ್ನು ಸರಿಸಿದ್ದು ಯಾಕೆಂದು ಅವನೂ ಕೇಳಲಿಲ್ಲ.

ಕೊಯ್ಲಾದ ಶೇಂಗಾ ಹೊಲದಲ್ಲಿ ಕುರಿಗಳು ಹರಡಿಕೊಂಡಿದ್ದವು. ಬೇವಿನ ಮರದಡಿ ಕೂತಿದ್ದ ದೊಡ್ಡಪ್ಪ ಕಾಟಯ್ಯನ ಕೈಗೆ ಸುಪ್ರಿಯಾ ಆ್ಯಪ್ ತೆರೆದು ಕೊಟ್ಟಳು. ಹೆಸರು ಆಯಿತು. ಊರು ಆಯಿತು. ಮೂರನೇ ಸ್ಕ್ರೀನು ಬಂತು: 'ನಿಮ್ಮ ಕುರಿಗಳ ಸಂಖ್ಯೆ ನಮೂದಿಸಿ'. ಕಾಟಯ್ಯ ಅದನ್ನು ನೋಡಿದ, ಆಕಾಶ ನೋಡಿದ, ಫೋನನ್ನು ವಾಪಸು ಕೊಟ್ಟ.

"ಯಾಕೆ ಯಜಮಾನ್ರೇ?"

"ಬಿಸ್ಲು ಜಾಸ್ತಿ ಆತು ಕಣವ್ವ," ಎಂದು ಎದ್ದು ಕುರಿಗಳ ಕಡೆ ನಡೆದೇಬಿಟ್ಟ.

ಹಳೆಯ ಸುಪ್ರಿಯಾ ಆಗಿದ್ದರೆ 'ಅಕ್ಷರ ದೊಡ್ಡದು ಮಾಡ್ಸಣ' ಎಂದುಕೊಂಡು ವಾಪಸು ಹೊರಡುತ್ತಿದ್ದಳು. ಇವತ್ತು ಅವಳು ಒಲೆಯ ಮುಂದೆ ಕೂತಿದ್ದ ದೊಡ್ಡಮ್ಮ ಚಿತ್ತಮ್ಮನ ಪಕ್ಕಕ್ಕೆ ಹೋಗಿ ಕುಕ್ಕರಗಾಲಲ್ಲಿ ಕೂತಳು. ಏನನ್ನೂ ಹೇಳಿಕೊಡದೆ, ಸುಮ್ಮನೆ ಕೇಳಿದಳು. "ದೊಡ್ಡಮ್ಮ, ಯಜಮಾನ್ರಿಗೆ ಏನು ಬೇಜಾರಾಯ್ತು?"

ಚಿತ್ತಮ್ಮ ನಕ್ಕಳು. "ಜೀವ ಇರೋದನ್ನ ಎಣಿಸಿ ಯಾರಾನ ಹೇಳ್ತಾರೇನವ್ವ? ಕಣ್ಣಾಗಲ್ವಾ?"

"ಮತ್ತೆ ಒಂದು ತಪ್ಪಿಸ್ಕೊಂಡ್ರೆ ಹೆಂಗೆ ಗೊತ್ತಾಗ್ತದೆ?"

"ಮುಖ ಗೊತ್ತಿರಲ್ವೇ? ನಿಮ್ಮ ಆಫೀಸ್ನಾಗೆ ಒಬ್ರು ಬರ್ಲಿಲ್ಲ ಅಂದ್ರೆ ನೀನು ತಲೆ ಎಣಿಸ್ತೀಯೇನು?"

ಸುಪ್ರಿಯಾಳ ಕಣ್ಣು ತಾನಾಗಿಯೇ ಜುಂಜೇಶನ ಕಡೆ ಹೋಯಿತು. ಅವನು ಕುರಿಮರಿಯೊಂದನ್ನು ಹೆಗಲ ಮೇಲೆ ಹಾಕಿಕೊಂಡು ಬರುತ್ತಿದ್ದ. ಹುಬ್ಬಳ್ಳಿಗೆ ಹೋದರೆ ಆಫೀಸಿನ ಕಿಟಕಿ ಪಕ್ಕದ ಅವನ ಕುರ್ಚಿ ಖಾಲಿಯಾಗುತ್ತದೆ. ಅದನ್ನು ತಿಳಿಯಲು ಅವಳು ಯಾರನ್ನೂ ಎಣಿಸಬೇಕಾಗಿರಲಿಲ್ಲ.

ಚಿತ್ತಮ್ಮ ಮಾತು ಮುಂದುವರಿಸಿದ್ದಳು. "ನಿನ್ನೆ ರಾತ್ರಿ ಕುರಿ ನಿಲ್ಸಿ ಅರ್ಧ ಎಕರೆಗೆ ಗೊಬ್ಬರ ಆತು. ಇವತ್ತು ಈ ಕಡೆ ಇನ್ನರ್ಧ ಮುಗೀತದೆ."

"ನಿಲ್ರಿ ದೊಡ್ಡಮ್ಮ," ಎಂದಳು ಸುಪ್ರಿಯಾ. "ರಾತ್ರಿಗೆ ಎಷ್ಟು ನೆಲ ಆಗ್ತದೆ ಅಂತ ಹೇಳಬೋದಾ? ಅದಕ್ಕೆ ಕಣ್ಣಾಗಲ್ವಾ?"

"ನೆಲಕ್ಕೆ ಯಾವ ಕಣ್ಣವ್ವ?"

ರೈತನಿಗೆ ಬೇಕಾದದ್ದೂ ಅದೇ ತಾನೇ! ತನ್ನ ಹೊಲ ಎಷ್ಟು ರಾತ್ರಿಗೆ ಮುಗಿಯುತ್ತದೆ ಎಂದು ಅವನು ಕೇಳುತ್ತಾನೆಯೇ ಹೊರತು, ಕುರಿ ಎಷ್ಟಿದ್ದರೆ ಅವನಿಗೇನು? ಅವಳು ಎದ್ದವಳೇ ಹೊಲದಲ್ಲಿ ಓಡಿದಳು.

"ಜುಂಜೇಶ್! ಸಂಖ್ಯೆ ತೆಗೀರಿ! ಒಂದು ರಾತ್ರಿಗೆ ಎಷ್ಟು ನೆಲ ಅಂತ ಕೇಳ್ರಿ. ಕಾಲು ಎಕರೆ, ಅರ್ಧ, ಒಂದು. ಚಿತ್ರ ಹಾಕ್ರಿ."

"ಹವಾಮಾನ? ರಾಶಿಫಲ? ಮೊದಲು ಯಾವುದು, ಮೇಡಂ?"

"ಇದು. ಇದೊಂದೇ."

ಅವನು ಮರಿಯನ್ನು ಅವಳ ಕೈಗೆ ದಾಟಿಸಿ ಬೇವಿನ ಮರದಡಿ ಲ್ಯಾಪ್‌ಟಾಪ್ ಬಿಚ್ಚಿದ. ಮರಿ ಅವಳ ದುಪಟ್ಟಾದ ಅಂಚನ್ನು ನಿಧಾನಕ್ಕೆ ತಿನ್ನುತ್ತಿತ್ತು. ಸಂಜೆಯಾಗುವ ಮುಂಚೆ ಕಾಟಯ್ಯ ಅರ್ಧ ಎಕರೆಯ ಚಿತ್ರವನ್ನು ಒತ್ತಿದ. ತಾನು ಒತ್ತಿದ್ದಲ್ಲದೆ ಮೇಲಿನ ಹೊಲದಲ್ಲಿದ್ದ ಕುರಿಯವರನ್ನೂ ಕೂಗಿ ಕರೆದ. ಸ್ವಲ್ಪ ಹೊತ್ತಿಗೆ ಪಕ್ಕದೂರಿನ ರೈತನೊಬ್ಬ ಫೋನು ಮಾಡಿ, "ಕಾಟಯ್ಯನೋರಾ? ನಮ್ಮ ಹೊಲಕ್ಕೆ ಯಾವಾಗ ಬರ್ತೀರಿ?" ಎಂದಾಗ ಸುಪ್ರಿಯಾ ಮರಿಯನ್ನು ಎತ್ತಿಕೊಂಡೇ ಕುಣಿದಳು.

"ಲೇ ಜುಂಜಾ," ಎಂದಳು ಚಿತ್ತಮ್ಮ, ಎಲ್ಲರಿಗೂ ಕೇಳುವ ಹಾಗೆ. "ಆಫೀಸ್ನೋರು ಅಂತ ಕರ್ಕಂಬಂದೆ. ಬರೀ ಆಫೀಸ್ನೋರೇನಾ?"

ಜುಂಜೇಶ್ ಲ್ಯಾಪ್‌ಟಾಪಿನೊಳಗೆ ಮುಖ ಹುದುಗಿಸಿದ. ಅವನ ಕಿವಿ ಮಾತ್ರ ಕೆಂಪಗೆ ಹೊರಗೇ ಇತ್ತು.

ಸೋಮವಾರದ ಡೆಮೋದಲ್ಲಿ ಲಕ್ಷ್ಮೀಕಾಂತ್ ಕುರ್ಚಿಯ ತುದಿಗೆ ಬಂದು ಕೂತಿದ್ದರು. ಜವನಗೊಂಡನಹಳ್ಳಿಯ ಕುರಿಯವರು ಹೊಸದುರ್ಗದ ಕಡೆಯ ತಮ್ಮ ನೆಂಟರಿಗೂ ಹೇಳಿದ್ದರಿಂದ, ಆ್ಯಪಿನ ನಕ್ಷೆಯಲ್ಲಿ ಮಾಡದಕೆರೆಯ ಸುತ್ತಲೂ ಮಂದೆಗಳು ಕಾಣುತ್ತಿದ್ದವು.

"ಭೇಷ್ ಕಣಮ್ಮ! ಇನ್ನು ಆ ಕುರಿ ಸಂಖ್ಯೆನೂ ಎಲ್ಲಾದ್ರೂ ಒಂದ್ಕಡೆ ಸೇರಿಸಿಬಿಡು."

ಸುಪ್ರಿಯಾಳ ನಾಲಿಗೆಯ ತುದಿಗೆ 'ಆಯ್ತು ಸರ್' ಬಂದು ನಿಂತಿತು. ಅದನ್ನು ನುಂಗಿದಳು. "ಬೇಡ ಸರ್."

ಲಕ್ಷ್ಮೀಕಾಂತ್ ಕನ್ನಡಕದ ಮೇಲಿಂದ ಅವಳನ್ನು ನೋಡಿದರು.

"ಕೇಳಿದ್ರೆ ಅವರೆಲ್ಲ ಬಿಟ್ಟು ಹೋಗ್ತಾರೆ ಸರ್. ಎಣಿಸಿ ಹೇಳೋದು ಅವರಲ್ಲಿ ಇಲ್ಲ. ರೈತರಿಗೂ ಅದು ಬೇಕಾಗಿಲ್ಲ."

"ರಾಶಿಫಲ?"

"ಅದೂ ಬೇಡ ಸರ್."

"ಜುಂಜೇಶನ್ನ ಹುಬ್ಬಳ್ಳಿಗೆ ಕಳಿಸೋದು?"

"ಅದಂತೂ ಬೇಡವೇ ಬೇಡ ಸರ್!"

ಮಾತು ಅವಳಿಗಿಂತ ಮುಂಚೆ ಹೊರಗೆ ಹಾರಿತ್ತು. ಎಲ್ಲರೂ ಅವಳ ಕಡೆ ತಿರುಗಿದರು. "ಅಂದ್ರೆ... ಪ್ರಾಡಕ್ಟ್ ದೃಷ್ಟಿಯಿಂದ," ಎಂದು ಸೇರಿಸಿದಳು. ಲಕ್ಷ್ಮೀಕಾಂತ್ ಕನ್ನಡಕ ತೆಗೆದು ಒರೆಸುತ್ತ, "ಪ್ರಾಡಕ್ಟ್ ಓನರ್ ಬೇಡ ಅಂದಮೇಲೆ ಮುಗೀತಲ್ಲ," ಎಂದರು. ಜುಂಜೇಶನ ನಗು ಕೊನೆಗೂ ಬಲಗೆನ್ನೆಗೆ ಬಂದು ಸೇರಿತ್ತು.

ಸಂಜೆ ಬಸ್ಸಿಗೆ ಹೊರಟವಳನ್ನು ಅವನು ಮೆಟ್ಟಿಲ ಮೇಲೆ ತಡೆದ.

"ಒಂದು ತಪ್ಪು ಒಪ್ಕಬೇಕು ಮೇಡಂ. ಎಣಿಸಬಾರ್ದು ಅನ್ನೋದು ನಂಗೆ ಗೊತ್ತಿತ್ತು. ಆಫೀಸಲ್ಲೇ ಹೇಳ್ಬೋದಿತ್ತು."

"ಮತ್ತೆ?"

"ನೆಲ ಕೇಳ್ಬೋದು ಅಂತ ನಂಗೂ ಹೊಳ್ದಿರ್ಲಿಲ್ಲ, ಅದು ನಿಮ್ಮದೇ. ಆದ್ರೆ ನಿಮ್ಮನ್ನ ಬೈಕಲ್ಲಿ ಕೂರಿಸ್ಕಂಡು ಹೋಗೋ ಆಸೆ ಇತ್ತು. ತುಂಬಾ ದಿನದಿಂದ."

ಅವಳು ಕೋಪ ಮಾಡಿಕೊಳ್ಳಲು ನೋಡಿದಳು. ಕೋಪ ಬರಲೇ ಇಲ್ಲ.

"ನೀವಂದ್ರೆ ನಂಗೆ ಇಷ್ಟ," ಎಂದ ಜುಂಜೇಶ್, ಒಂದೇ ಉಸಿರಿಗೆ. "ದೊಡ್ಡಮ್ಮಂಗೆ ಹೇಳ್ಬೇಕು. ಹೊಳಲ್ಕೆರೆಗೆ ಬಂದು ನಿಮ್ಮಪ್ಪನ ಹತ್ರ ಮಾತಾಡ್ಬೇಕು. ನಿಮ್ಮನ್ನ ಮೇಡಂ ಅನ್ನೋದು ಬಿಡ್ಬೇಕು. ಸಿನಿಮಾಕ್ಕೆ ಕರೀಬೇಕು. ಮರಿ ತಿಂದಿದ್ದಕ್ಕೆ ಒಂದು ಹೊಸ ದುಪಟ್ಟಾ ಕೊಡಿಸ್ಬೇಕು..."

ಸುಪ್ರಿಯಾ ಗೋಡೆಗೆ ಒರಗಿ ಗಲ್ಲಕ್ಕೆ ಕೈಕೊಟ್ಟಳು, ಥೇಟ್ ಅವನ ಹಾಗೆಯೇ. "ಎಲ್ಲಾ ಮಾಡಾಣ. ಮೊದಲು ಯಾವುದು?"

ಅವನು ತಡವರಿಸಿದ. "ಮೇಡಂ ಅನ್ನೋದು... ಬಿಡೋದು."

"ಬಾಯಲ್ಲಿ ಹೇಳಿದ್ರೆ ಆಗಲ್ಲ. ತೋರ್ಸ್ರಿ."

ಕೆಳಗೆ ರಸ್ತೆಯಲ್ಲಿ ಹೊಳಲ್ಕೆರೆ ಬಸ್ಸು ಬಂದು ನಿಂತು ಹಾರನ್ ಮಾಡುತ್ತಿತ್ತು. ಅವನು ಒಂದು ಮೆಟ್ಟಿಲು ಇಳಿದು ಅವಳ ಎದುರಿಗೆ ಬಂದ. ಕಣ್ಣಲ್ಲಿ ಕಣ್ಣಿಟ್ಟು, ಮೆಲ್ಲಗೆ, "ಸುಪ್ರಿಯಾ," ಎಂದ.

ಬಸ್ಸು ಹೊರಟು ಹೋಯಿತು. ಅವಳು ಅದರ ಕಡೆ ತಿರುಗಿಯೂ ನೋಡಲಿಲ್ಲ.

"ಒಪ್ದೆ," ಎಂದಳು.