ಒಂಬತ್ತು ಮೇಜುಗಳ ಗದ್ದಲದಲ್ಲಿ

"ರೀ ಮೇಡಂ, ನಿಮ್ಮನ್ನೇ ಕರೀತಿರೋದು!"

ಹೆಗಲ ಮೇಲೆ ಯಾರದೋ ಕೈ ಬಿದ್ದಾಗಲೇ ಅವಳು ಬೆಚ್ಚಿ ತಿರುಗಿದ್ದು. ತಿರುಗಿದ ರಭಸಕ್ಕೆ ಆ ಕೈಗೆ ಪಟಾರನೆ ಒಂದು ಏಟನ್ನೂ ಕೊಟ್ಟುಬಿಟ್ಟಳು.

ಎದುರಿಗೆ ಅಪರಿಚಿತ. ಮೂಗಿನ ತುದಿಗೆ ಜಾರಿದ ಕನ್ನಡಕ, ಕೆಂಪೇರಿದ ಮುಖ.

"ಯಾರ್ರೀ ನೀವು? ಮೈ ಮುಟ್ಟಿ ಮಾತಾಡಿಸೋದು ಯಾವ ಸೀಮೆ ಮರ್ಯಾದೆ?"

"ಬಾಗಿಲಿಂದ ಮೂರು ಸಲ ಕರೆದೆ. ತಿರುಗಿ ನೋಡೋಕೂ ಆಗದಷ್ಟು ಜಂಬಾನಾ? ನಾನು ಅರ್ಥಶಾಸ್ತ್ರದವನು. ಈ ವರ್ಷ ಈ ಕ್ಲಾಸನ್ನ ನಮ್ಮಿಬ್ಬರಿಗೂ ಸೇರಿಸಿ ಕೊಟ್ಟಿದ್ದಾರೆ."

ಮೂರು ಸಲವಾ...?

ಅವಳು ಕೂದಲನ್ನು ಕಿವಿಯ ಮೇಲೆ ಎಳೆದುಕೊಂಡಳು. ಆದರೆ ಮುಖ ಬಿಗಿದೇ ಇತ್ತು.

"ಕೆಲಸದಲ್ಲಿದ್ದೆ" ಅಂದಳು. ಜಂಬದವಳು ಅಂದುಕೊಂಡರೆ ಅಂದುಕೊಳ್ಳಲಿ. ನಿಜ ತಿಳಿಯುವುದಕ್ಕಿಂತ ಅದೇ ವಾಸಿ!

ನಿಜ ಗೊತ್ತಿದ್ದದ್ದು ಡಾಕ್ಟರಿಗೆ, ಮತ್ತು ಅಕ್ಕನಿಗೆ. ಸಂಖ್ಯಾಶಾಸ್ತ್ರದ ಈ ಮೇಡಮ್ಮಿನ ಎಡಗಿವಿ ಪೂರ್ತಿ ಸತ್ತಿತ್ತು. ಬಲಗಿವಿ ದಿನದಿನಕ್ಕೂ ಮಂದವಾಗುತ್ತಿತ್ತು. ಕೂದಲ ಮರೆಯಲ್ಲಿ ಅಡಗಿಸಿಕೊಂಡ ಪುಟ್ಟ ಯಂತ್ರ ನಿಶ್ಶಬ್ದವಾದ ಕೋಣೆಯಲ್ಲಿ ನೆರವಾಗುತ್ತಿತ್ತು. ಗದ್ದಲದಲ್ಲಿ ಮಾತು, ಕುರ್ಚಿಯ ಚಕ್ರ, ಕೆಮ್ಮು, ಎಲ್ಲವನ್ನೂ ಕಲಸಿ ಒಂದೇ ಮುದ್ದೆ ಮಾಡಿ ಕಿವಿಗೆ ಸುರಿಯುತ್ತಿತ್ತು.

"ಯಾರ ಹತ್ರಾನೂ ಬಾಯಿ ಬಿಡಬೇಡ. ಕೆಲಸಾನೂ ಹೋಗುತ್ತೆ, ಮದುವೆನೂ ಆಗಲ್ಲ" ಅಂದಿದ್ದಳು ಅಕ್ಕ. ಪ್ರೀತಿಯಿಂದಲೇ ಅಂದಿದ್ದಳು, ಪಾಪ.

ಕಾಲೇಜಿನ ಹಳೆಯ ಲೆಕ್ಚರ್ ಹಾಲ್‌ನಲ್ಲಿ ಗುಟ್ಟು ಹೇಗೋ ಉಳಿದಿತ್ತು. ಅಲ್ಲಿ ಮಾತಾಡುವವಳು ಅವಳೊಬ್ಬಳೇ. ಈ ಹೊಸ ರೂಮಿನಲ್ಲಿ ಮುಂದೆ ಯಾವುದು, ಹಿಂದೆ ಯಾವುದು ಅನ್ನುವುದೇ ಇಲ್ಲ. ಒಂಬತ್ತು ದುಂಡು ಮೇಜು, ಪ್ರತಿ ಮೇಜಿಗೊಂದು ಕಂಪ್ಯೂಟರ್ ಪರದೆ, ಸುತ್ತ ಕೂತು ವಾದ ಮಾಡುವ ಹುಡುಗ ಹುಡುಗಿಯರು.

"ಇಲ್ಲಿ ಮೇಷ್ಟ್ರ ಕೆಲಸ ಹೇಳೋದಲ್ಲಮ್ಮಾ, ಕೇಳಿಸಿಕೊಳ್ಳೋದು" ಎಂದು ವಿಭಾಗದ ಮುಖ್ಯಸ್ಥರು ಹೆಮ್ಮೆಯಿಂದ ಹೇಳಿದಾಗ ಅವಳಿಗೆ ಕಾಲ ಕೆಳಗಿನ ನೆಲವೇ ಕುಸಿದಂತಾಗಿತ್ತು.

ಅವಳೇ ಒಂದು ದಾರಿ ಹುಡುಕಿಕೊಂಡಳು. ಏನೇ ವಾದವಿದ್ದರೂ ಮೊದಲು ಪರದೆಯ ಮೇಲೆ ಬರೆಯಬೇಕು, ಆಮೇಲೆ ಮಾತು. ಅವಳು ಮೇಜಿನಿಂದ ಮೇಜಿಗೆ ನಡೆಯುತ್ತಾ ಓದುತ್ತಿದ್ದಳು, ಓದಿಯೇ ಉತ್ತರ ಕೊಡುತ್ತಿದ್ದಳು.

"ನನ್ನ ಮೇಜುಗಳಲ್ಲಿ ಬರೀ ಸಂತೆ. ನಿಮ್ಮ ಮೇಜುಗಳಲ್ಲಿ ಯೋಚನೆ ನಡೆಯುತ್ತಲ್ರೀ! ಅದೇನು ಮಂತ್ರ ಹಾಕ್ತೀರಿ?" ಅಂದ ಅರ್ಥಶಾಸ್ತ್ರದವನು ಒಂದು ದಿನ.

ಅವಳು ನಕ್ಕಳು. ಅವನೂ ನಕ್ಕ.

ಅಲ್ಲಿಂದ ಶುರುವಾಯಿತು. ಕ್ಲಾಸು ಮುಗಿದ ಮೇಲೆ ಇಬ್ಬರೂ ಬಸ್‌ಸ್ಟಾಪಿನವರೆಗೆ ನಡೆಯುತ್ತಿದ್ದರು. ಅವನು ಎಡಗಡೆಗೆ ಬಂದರೆ ಅವಳು ಸುಮ್ಮನೆ ಒಂದು ಸುತ್ತು ಹಾಕಿ ಅವನನ್ನು ಬಲಕ್ಕೆ ತಂದುಕೊಳ್ಳುತ್ತಿದ್ದಳು. ಅವನಿಗೆ ಅದೊಂದು ಮುದ್ದಾದ ಹುಚ್ಚು ಅನ್ನಿಸುತ್ತಿತ್ತು. ಅವಳಿಗೋ, ಅವನ ಒಂದು ಪದವೂ ಕಳೆದುಹೋಗಬಾರದು ಅನ್ನುವ ಆಸೆ.

ಹೇಳಿಬಿಡಲಾ...? ಹೇಳಿದ ಮೇಲೂ ಹೀಗೇ ನಗುತ್ತಾರಾ...?

ಹೇಳಲಿಲ್ಲ.

ಆ ಗುರುವಾರ ಕ್ಲಾಸಿನಲ್ಲಿ ಮೀನು ಮಾರುಕಟ್ಟೆಯಷ್ಟು ಗಲಾಟೆ. ಇಬ್ಬರೂ ಸೇರಿ ಮಕ್ಕಳಿಗೆ ಕಂಪನಿಗಳ ಲೆಕ್ಕ ಕೊಟ್ಟು, ಯಾವುದು ಮುಳುಗುತ್ತದೆ ಹೇಳಿ ಅಂದಿದ್ದರು. ಅವನು ಬಂದು ಅವಳ ಎಡಕ್ಕೆ ನಿಂತ. ತಿಂಗಳುಗಳಿಂದ ಗಂಟಲಲ್ಲೇ ಇಟ್ಟುಕೊಂಡಿದ್ದ ಮಾತು. ಈ ಗದ್ದಲದಲ್ಲಿ ಬೇರೆ ಯಾರಿಗೂ ಕೇಳಿಸುವುದಿಲ್ಲ ಅನ್ನುವುದೇ ಆ ಸಂಕೋಚದ ಮನುಷ್ಯನಿಗೆ ಧೈರ್ಯ. ನಾಚಿಕೆಯಿಂದ ಎದುರಿನ ಮೇಜಿನ ಪರದೆಯನ್ನೇ ನೋಡುತ್ತಾ ಹೇಳಿಬಿಟ್ಟ.

"ನನ್ನನ್ನ ಮದುವೆ ಆಗ್ತೀರಾ?"

ಅವನ ತುಟಿ ಅಲುಗಿದ್ದು ಮಾತ್ರ ಅವಳಿಗೆ ಕಂಡಿತು. ಅವನು ನೋಡುತ್ತಿದ್ದ ಪರದೆ ಬೆಳಗಿನಿಂದ ಮಿಣಮಿಣ ಅನ್ನುತ್ತಿತ್ತು. ಅದರ ಬಗ್ಗೆಯೇ ಕೇಳಿರಬೇಕು ಅಂದುಕೊಂಡಳು.

"ಅಯ್ಯೋ, ಬೇಡ ಬಿಡಿ! ತಲೆನೋವು ಅದು" ಅಂದುಬಿಟ್ಟಳು.

ಅವನ ಮುಖ ಬೂದಿಯಾಯಿತು. ಅವಳು ನೋಡಲಿಲ್ಲ. ಅಷ್ಟರಲ್ಲಿ ಮೂಲೆಯ ಮೇಜಿನ ಹುಡುಗಿ ಎದ್ದು ಬಂದಿದ್ದಳು. ಸದಾ ತಲೆ ತಗ್ಗಿಸಿಯೇ ಮಾತಾಡುವ ಹುಡುಗಿ. ಆಗಲೂ ತುಟಿ ಕಾಣದಂತೆ ತಲೆ ತಗ್ಗಿಸಿ ಏನೋ ಹೇಳಿದಳು. ಮೇಜಿನ ಕಡೆ ಕೈ ತೋರಿಸಿದಳು. ತಂಡದ ಉತ್ತರ ತೋರಿಸುತ್ತೇನೆ ಅನ್ನುತ್ತಿದ್ದಾಳೆ...

"ಒಳ್ಳೇದು ಪುಟ್ಟಾ, ಹಾಗೇ ಮಾಡು" ಎಂದು ಮೇಡಂ ನಗುತ್ತಾ ಬೆನ್ನು ತಟ್ಟಿದಳು.

ಮುಂದಿನ ವಾರ ಅವನು ಕ್ಲಾಸಿಗೆ ಬರಲಿಲ್ಲ.

"ಅವರೇ ಈ ಕ್ಲಾಸು ಬಿಡಿಸಿಕೊಂಡ್ರಮ್ಮಾ. ಯಾಕೆ ಅಂತ ಹೇಳಲಿಲ್ಲ" ಅಂದರು ಮುಖ್ಯಸ್ಥರು.

ನನ್ನ ಗುಟ್ಟು ಗೊತ್ತಾಗಿಹೋಯಿತು ಅವರಿಗೆ, ಅದಕ್ಕೇ ಕ್ಲಾಸು ಬಿಟ್ಟರು... ಕಿವುಡಿಯ ಸಹವಾಸ ಸಾಕು ಅನ್ನಿಸಿರಬೇಕು! ಕಾರಿಡಾರಿನಲ್ಲಿ ಅವನು ತಲೆ ತಗ್ಗಿಸಿ ದಾಟಿಹೋದ. ಅವಳೂ ಕರೆಯಲಿಲ್ಲ.

ಮೂಲೆಯ ಮೇಜಿನಲ್ಲಿ ಒಂದು ಕುರ್ಚಿ ಖಾಲಿಯೇ ಇತ್ತು. ಕೊನೆಗೆ ಪಕ್ಕದ ಹುಡುಗಿಯನ್ನು ಕೇಳಿದಳು.

"ಅವಳು ಓದು ಬಿಟ್ಲಲ್ಲ ಮೇಡಂ. ಅವರಪ್ಪ ಹಾಸಿಗೆ ಹಿಡಿದಿದ್ದಾರೆ. ಬಟ್ಟೆ ಫ್ಯಾಕ್ಟರಿಗೆ ಸೇರ್ಕೊಂಡ್ಲು." ಹುಡುಗಿ ಕಣ್ಣರಳಿಸಿದಳು. "ನಿಮಗೆ ಹೇಳಿದ್ಲಲ್ಲಾ? ನೀವು ಒಳ್ಳೇದು, ಹಾಗೇ ಮಾಡು ಅಂದ್ರಿ..."

ಅವಳು ಮೇಜು ಹಿಡಿದುಕೊಂಡಳು. ಸುತ್ತಲಿನ ಗದ್ದಲವೆಲ್ಲ ಒಮ್ಮೆಲೇ ನಿಂತುಹೋದಂತಾಯಿತು.

ಅಂದೇ ಮುಖ್ಯಸ್ಥರ ಕೋಣೆಗೆ ಹೋಗಿ ನಿಂತಳು. "ಸರ್, ನನಗೆ ಕಿವಿ ಕೇಳಿಸಲ್ಲ."

ಅವರು ಪೆನ್ನಿನ ಮುಚ್ಚಳ ತಿರುಗಿಸಿದರು. "ಈ ಪರೀಕ್ಷೆ ಮುಗೀಲಿ. ಆಮೇಲೆ ನೋಡೋಣ."

ನೋಡೋಣ ಅಂದರೆ ಏನು ಅನ್ನುವುದು ಅವಳಿಗೆ ಗೊತ್ತಿತ್ತು. ಕಣ್ಣೀರು ಬರಲಿಲ್ಲ. ಕೆಲಸಕ್ಕಾಗಿ ಅಳುವ ಹಕ್ಕೂ ತನಗಿಲ್ಲ ಅನ್ನಿಸಿತು.

ಅಲ್ಲಿಂದ ನೇರ ಅರ್ಥಶಾಸ್ತ್ರದವನ ಕೋಣೆಯ ಬಾಗಿಲು ತಟ್ಟಿದಳು. ಅವನು ಎದ್ದುನಿಂತ.

"ಒಂದು ಉಪಕಾರ ಆಗ್ಬೇಕು. ಒಬ್ಬರ ಮನೆಗೆ ಫೋನ್ ಮಾಡ್ಬೇಕು. ನನಗೆ ಫೋನಲ್ಲಿ ಮಾತು ತಿಳಿಯಲ್ಲ. ಒಂದು ಕಿವಿ ಇಲ್ಲ, ಇನ್ನೊಂದು ಹೋಗ್ತಾ ಇದೆ. ನಿಮಗೆ ಗೊತ್ತೇ ಇದೆಯಲ್ಲ..."

"ನನಗೆ...? ನನಗೆ ಹೇಗೆ ಗೊತ್ತಿರುತ್ತೆ?"

ಅವನ ಮುಖ ನೋಡಿದಳು. ಸುಳ್ಳಿರಲಿಲ್ಲ. ಅವಳು ಹುಡುಗಿಯ ವಿಷಯವನ್ನೆಲ್ಲ ಹೇಳಿ ನಂಬರು ಕೊಟ್ಟಳು. ಅವನು ಮರುಮಾತಾಡದೆ ಫೋನ್ ಮಾಡಿದ. ಆ ಕಡೆ ಹುಡುಗಿಯ ತಾಯಿ. ಅವನು ಹೂಂ, ಹೂಂ ಅನ್ನುತ್ತಾ ಕಿಟಕಿಯತ್ತ ಮುಖ ತಿರುಗಿಸಿದ.

"ಏನಂದ್ರು?"

"ಏನಿಲ್ಲ... ಹುಡುಗಿ ಚೆನ್ನಾಗಿದಾಳಂತೆ."

"ನನ್ನ ಕಡೆ ತಿರುಗಿ ಹೇಳಿ. ಸುಳ್ಳು ಹೇಳ್ಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ಅವನು ತಿರುಗಿದ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಒಂದೊಂದೇ ಪದವಾಗಿ ಹೇಳಿದ.

"ಮೇಡಂ ಬೇಡ ಅಂದ್ರೆ ಫ್ಯಾಕ್ಟರಿಗೆ ಹೋಗಲ್ಲ ಅಂತ ಮನೇಲಿ ಹೇಳಿ ಬಂದಿದ್ಲಂತೆ ಅವತ್ತು. ಸೀಟು ಬಿಟ್ಟು, ಕಾಲೇಜಿಂದ ಹೆಸರೂ ತೆಗೆಸಿದಾಳಂತೆ. ಇನ್ನು ಓದೋದಿಲ್ಲ ಅಂದ್ಲಂತೆ."

ಅವಳು ಕುರ್ಚಿಗೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು.   ಅವನು ನೆಲದ ಮೇಲೆ, ಅವಳ ಎದುರಿಗೆ ಕೂತ.

ಅಳು ಇಳಿದ ಮೇಲೆ ಕೇಳಿದ. "ಅದೇ ಗುರುವಾರ ನನಗೂ ಬೇಡ ಅಂದ್ರಲ್ಲ... ಅದೂ ಕೇಳಿಸಿರಲಿಲ್ವಾ?"

"ಪರದೆ ಬಗ್ಗೆ ಕೇಳಿದ್ರಲ್ಲ?"

"ಮದುವೆ ಬಗ್ಗೆ ಕೇಳಿದೆ."

ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಬೇಡ ಅನ್ನಬೇಕಾದಲ್ಲಿ ಹೂಂ... ಹೂಂ ಅನ್ನಬೇಕಾದಲ್ಲಿ ಬೇಡ. ಒಂದೇ ಗಳಿಗೆಯಲ್ಲಿ ಎರಡು ಬದುಕು!

"ಈಗ ಕನಿಕರ ತೋರಿಸ್ಬೇಡಿ. ಇದು ವಾಸಿ ಆಗೋದಲ್ಲ. ಒಂದು ದಿನ ನಿಮ್ಮ ದನೀನೂ ಕೇಳಿಸಲ್ಲ."

"ಕನಿಕರ ಹೇಗಾಗುತ್ತೆ? ಕೇಳಿದಾಗ ನನಗೆ ಏನೂ ಗೊತ್ತೇ ಇರಲಿಲ್ವಲ್ಲ."

ಅವಳು ಅಂಗೈಯಿಂದ ಕಣ್ಣೊರೆಸಿಕೊಂಡಳು.

"ಭಾನುವಾರ ಆ ಹುಡುಗಿ ಮನೆಗೆ ಬರ್ತಾಳಂತೆ" ಅಂದ ಅವನು. "ಹೋಗಿ ಬರೋಣ."

"ಮುಖ ನೋಡದೆ ಬಾಗಿಲು ಹಾಕ್ಕೊಂಡ್ರೆ?"

"ಜಗುಲಿ ಮೇಲೆ ಕೂತಿರೋಣ. ತೆಗೆಯೋವರೆಗೂ."

"ತೆಗೀದೇ ಇದ್ರೆ...?"

"ಮತ್ತೊಂದು ಭಾನುವಾರ ಬರುತ್ತಲ್ಲ."

ಅವಳು ಒದ್ದೆ ಕೈಯನ್ನು ಮೆಲ್ಲಗೆ ಅವನ ಕೈಯೊಳಗೆ ಇಟ್ಟಳು.

"ನನ್ನ ಜೊತೆ ಅಷ್ಟು ಭಾನುವಾರ ಕೂತಿರ್ತೀರಾ?"

"ಕೂತಿರ್ತೀನಿ ಕಣೇ" ಅಂದ. ಅವಳ ಕಣ್ಣೆದುರೇ, ನಿಧಾನವಾಗಿ, ಒಂದಕ್ಷರವೂ ತಪ್ಪದಂತೆ.