ಕಾಲಿನ ಅಳತೆ

ಕಾರಿನ ಪೆಡಲ್ ಬದಲಿಸುವುದು ಹುಡುಗಾಟದ ಮಾತಲ್ಲ, ಕೇಳಿ. ಹೆಣ್ಣು ಕೊಡುವಾಗ ಹತ್ತು ಕಡೆ ವಿಚಾರಿಸುವ ಜನ, ಪೆಡಲ್ ಹಾಕಿಸುವಾಗ ಮಾತ್ರ ಹೊಳಪಿಗೆ ಮರುಳಾಗುತ್ತಾರೆ.

ಈ ತತ್ವ ನನಗೆ ಹೊಳೆದಾಗ ಪಕ್ಕೆಗೊಂದು ಪಿಸ್ತೂಲು ಒತ್ತಿಕೊಂಡಿತ್ತು.

ಮಧ್ಯಾಹ್ನ. ವರ್ಕ್‌ಶಾಪಿನ ಕೆಲಸದವರು ಊಟಕ್ಕೆ ಹೋಗಿದ್ದರು. ರಿಪೇರಿ ಗುಂಡಿಯ ಮೇಲೆ ಕೆಂಪು ಸ್ಪೋರ್ಟ್ಸ್ ಕಾರು.

ಮೂರು ವಾರದ ಹಿಂದೆ ಸೈಕಲ್ಲಿನಲ್ಲಿ ಹೋಗುತ್ತಿದ್ದ ನರ್ಸ್ ಒಬ್ಬಳನ್ನು ಕೊಂದ ಕಾರು.

ಓಡಿಸಿದ್ದು ತಾನೇ ಎಂದು ಡ್ರೈವರ್ ಒಪ್ಪಿಕೊಂಡು ಜೈಲಿನಲ್ಲಿ ಕೂತಿದ್ದ. ನನ್ನ ಹಾಗೆ ಆರಡಿ ಆಳು. ಅವನಲ್ಲ, ಸಾಬೀತು ಮಾಡಿ ಎಂದು ಖಾಸಗಿ ಪತ್ತೇದಾರನಾದ ನನ್ನ ಬೆನ್ನು ಹತ್ತಿದ್ದು ಅವನ ಹೆಂಡತಿ.

ಪಿಸ್ತೂಲು ಹಿಡಿದವನು ಕಾರಿನ ಮಾಲೀಕ. ಐದಡಿ... ಬೂಟು ಸೇರಿಸಿ. ಕಾರು ಒಯ್ಯಲು ಬಂದವನಿಗೆ, ಅದರೊಳಗೆ ಬಗ್ಗಿ ನೋಡುತ್ತಿದ್ದ ನಾನು ಸಿಕ್ಕಿದ್ದೆ.

“ಏನು ಹುಡುಕ್ತಿದ್ದೀಯ?”

“ಗೊತ್ತಿದ್ದರೆ ಇಷ್ಟು ಹೊತ್ತು ಬಗ್ತಿರಲಿಲ್ಲ.”

“ಈ ವರ್ಕ್‌ಶಾಪಿನ ಮೇಸ್ತ್ರಿ ಏನಾದ್ರೂ ಬಾಯಿ ಬಿಟ್ನಾ?”

“ಇಲ್ಲ.”

“ಬಿಟ್ರೆ ನಿನ್ನ ಪಕ್ಕದಲ್ಲೇ ಅವನಿಗೂ ಜಾಗ ಇದೆ. ಕಲ್ಲುಕ್ವಾರಿ ದೊಡ್ಡದು. ಹತ್ತು. ಓಡಿಸು.”

ಹತ್ತಿದೆ. ಅವನು ಬಾಗಿಲ ಬಳಿಯೇ ನಿಂತಿದ್ದ. ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿದೆ.

ಕಾಲಡಿಯಲ್ಲಿ ಫಳಫಳ ಹೊಳೆಯುವ ಅಲ್ಯುಮಿನಿಯಂ ಪೆಡಲ್‌ಗಳು. ಒಂದೊಂದರ ಹಿಂದೆಯೂ ಮೂರು ಇಂಚಿನ ದಪ್ಪ ತುಂಡು. ಕ್ಲಚ್ ಮೇಲೆ ಕಾಲಿಟ್ಟೆ. ಮಂಡಿ ಸ್ಟಿಯರಿಂಗಿಗೆ ಸಿಕ್ಕಿಕೊಂಡಿತು. ಹೊರಳಿಸಿದೆ. ಬಾಗಿಲಿಗೆ ತಗುಲಿತು.

“ಏನಾಟ ಇದು?”

“ಕ್ಲಚ್ ಒತ್ತೋಕಾಗ್ತಿಲ್ಲ ಸ್ವಾಮಿ. ಮಂಡಿ ಕತ್ತರಿಸಿ ಡಿಕ್ಕಿಯಲ್ಲಿಡ್ಲಾ?”

“ಇಳಿಯೋ ದರಿದ್ರದವನೇ. ನನ್ನ ಕಾಲಿಗೆ ಅಳತೆ ಕೊಟ್ಟು ಮಾಡಿಸಿದ್ದು. ನನ್ನ ಬಿಟ್ಟು ಇನ್ನೊಬ್ಬ ಇದನ್ನ ಓಡಿಸೋಕೆ ಸಾಧ್ಯಾನೇ ಇಲ್ಲ.”

ಆಡಿದ ಮಾತು ಅವನ ಕಿವಿಗೆ ಒಂದು ಕ್ಷಣ ತಡವಾಗಿ ಮುಟ್ಟಿತು.

ಮುಖ ಬಿಳಿಚಿಕೊಂಡಿತು. ಟ್ರಿಗರ್ ಮೇಲೆ ಬೆರಳು ಬಿಗಿಯಿತು...

ಕಾರಿನಡಿಯಿಂದ ಗ್ರೀಸ್ ಮೆತ್ತಿದ ಕೈಯೊಂದು ಹೊರಬಂತು. ಅದರಲ್ಲಿ ಮೊಳದುದ್ದದ ಸ್ಪ್ಯಾನರ್. ಏಟು ಮಾಲೀಕನ ಕಾಲ್ಗಂಟಿಗೆ ಬಿತ್ತು. ಗುಂಡು ಚಾವಣಿಗೆ ಹೋಯಿತು, ಅವನು ನೆಲಕ್ಕೆ. ನಾನು ಹಾರಿ ಪಿಸ್ತೂಲನ್ನು ಮೆಟ್ಟಿದೆ. ಅದಕ್ಕೆ ಮಂಡಿ ಅಡ್ಡ ಬರಲಿಲ್ಲ.

ಗುಂಡಿಯಿಂದ ಮೇಸ್ತ್ರಿ ಮೇಲೆ ಬಂದ. ಮಾಲೀಕನ ದನಿ ಕೇಳಿದ ಕೂಡಲೇ ಒಳಗಿಳಿದು ಅವಿತವನು. ಅದಕ್ಕೂ ಅರ್ಧ ಗಂಟೆ ಮುಂಚೆ, ನಾನು ಕೇಳಿದಾಗ, ‘ನಂಗೇನೂ ಗೊತ್ತಿಲ್ಲ ಸಾರ್’ ಎಂದು ಆಣೆ ಇಟ್ಟವನು.

“ಈಗ ಗೊತ್ತಾಯ್ತೇನಯ್ಯಾ?”

“ಆಕ್ಸಿಡೆಂಟಿಗೆ ಒಂದು ತಿಂಗಳು ಮುಂಚೆ ಅಳತೆ ತಗೊಂಡು ಪೆಡಲ್ ಹಾಕಿದವ್ನೇ ನಾನು ಸಾರ್. ಇವ್ರು ಕ್ವಾರಿ ಅಂದ್ರಲ್ಲ... ಎಲ್ಲಾ ನೆನಪಾಯ್ತು.”

ಕೋರ್ಟಿನಲ್ಲಿ ಅದನ್ನೇ ಹೇಳಿದ. ನರ್ಸಿನ ತಾಯಿ ಕ್ಲಚ್ ಪೆಡಲಿನ ಫೋಟೋವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು.

“ಇಷ್ಟೇನಾ?” ಎಂದರು.



ಡ್ರೈವರ್ ಮನೆಗೆ ಹೋದ. ಮಾಲೀಕ ಒಳಗೆ ಹೋದ. ಕಾರು ಠಾಣೆಯ ಗೇಟಿಗೆ ಅಡ್ಡವಾಗಿ ನಿಂತಿದೆ. ಸರಿಸಲು ಪೊಲೀಸರಲ್ಲಿ ಯಾರ ಕಾಲೂ ಹೊಂದುತ್ತಿಲ್ಲ.